ಕೆಳಮನೆಯ ಕರೆ

ಜೂನ್ 8, ಸೋಮವಾರ. ಸಂಜೆ

ಇವತ್ತೂ ಗಂಟಲು ಕಟ್ಟಿದೆ. ಮಾಸ್ಕಿನೊಳಗೆ ದಿನವಿಡೀ ಮಾತು. ನಾಯಿ ಲೈಸೆನ್ಸ್ ವಿಭಾಗದಲ್ಲಿ ಹಾಯಾಗಿದ್ದವಳನ್ನು ಎಬ್ಬಿಸಿ ತಂದು ಬಾಡಿಗೆ ಸಹಾಯವಾಣಿಯಲ್ಲಿ ಕೂರಿಸಿದ್ದಾರೆ. ಈ ಜ್ವರ ಶುರುವಾದ ಮೇಲೆ ನಗರಸಭೆಯಲ್ಲಿ ಯಾರ ಕುರ್ಚಿಯಲ್ಲಿ ಯಾರು ಎಂಬುದೇ ತಿಳಿಯದು. ಪಕ್ಕದ ಟೇಬಲ್ ಪಾರ್ಕ್ ಸೂಪರ್‌ವೈಸರ್‌ದು. ಅವರಿಗೆ ಗುಲಾಬಿಗೆ ಬೀಳುವ ಹುಳ ಗೊತ್ತು, ನನಗೆ ನಾಯಿ ಗೊತ್ತು. ಇಬ್ಬರೂ ಸೇರಿ ಊರವರ ಮನೆ ಜಗಳ ಬಿಡಿಸುತ್ತಿದ್ದೇವೆ!

ಸಹಾಯವಾಣಿಯ ಮೇಲಧಿಕಾರಿ ದೊಡ್ಡ ಮೇಡಂ ಕಲಿಸಿಕೊಟ್ಟ ಪಾಠ ಒಂದೇ. ಕರೆ ಮಾಡಿದವರನ್ನು ಬಾಡಿಗೆ ಎಷ್ಟು ಎಂದು ಮೊದಲು ಕೇಳಬಾರದು. "ನಿಮಗೆ ಯಾವುದರ ಭಯ?" ಎಂದು ಕೇಳಬೇಕು. ಮೊದಲ ದಿನ ನಗು ಬಂದಿತ್ತು. ಈಗ ಬರುವುದಿಲ್ಲ. ಕೇಳಿದ ಕೂಡಲೇ ಆ ಕಡೆಯವರು ನಿಜ ಹೇಳುತ್ತಾರೆ.

ಇವತ್ತು ಒಬ್ಬ ಫೋಟೋ ಸ್ಟುಡಿಯೋದವನು. ಕೆಲಸವಿಲ್ಲ, ಬಾಡಿಗೆ ಕಟ್ಟಿಲ್ಲ, ಓನರ್ ನೀರಿನ ಮೋಟರಿಗೆ ಬೀಗ ಜಡಿದಿದ್ದಾನೆ. ಓನರಿಗೆ ಫೋನ್ ಹಚ್ಚಿದೆ. ಅವನದೂ ಅದೇ ಗೋಳು — ಆ ಬಾಡಿಗೆಯೇ ಅವನ ಮನೆ ನಡೆಸುವುದು. ಅರ್ಧ ಬಾಡಿಗೆ ನಗರಸಭೆಯೇ ನೇರ ನಿಮ್ಮ ಖಾತೆಗೆ ಹಾಕುತ್ತದೆ, ಮನೆ ಕಂದಾಯ ಮುಂದಿನ ವರ್ಷ ಕಟ್ಟಿದರೆ ಸಾಕು, ಆದರೆ ಜ್ವರದ ಆದೇಶ ಇರುವ ತನಕ ಯಾರನ್ನೂ ಹೊರಗೆ ಹಾಕುವ ಹಾಗಿಲ್ಲ ಎಂದೆ. "ಇದನ್ನ ಮೊದ್ಲೇ ಹೇಳೋಕೇನಾಗಿತ್ರೀ ನಿಮ್ಗೆ?" ಎಂದು ನನಗೇ ಬೈದು ಬೀಗ ತೆಗೆದ. ಬೈಸಿಕೊಂಡೂ ಖುಷಿಯಾಯಿತು.

ಮನೆಗೆ ಬಂದರೆ ಗೇಟಿನ ಹತ್ತಿರ ನಮ್ಮದೇ ಓನರು. ಟೈಪಿಂಗ್ ಮೇಷ್ಟ್ರು. ಇನ್‌ಸ್ಟಿಟ್ಯೂಟ್ ಮುಚ್ಚಿ ವರ್ಷಗಳಾದವು, ಬೆರಳು ಮಾತ್ರ ಗೇಟಿನ ಕಂಬಿಯ ಮೇಲೆ ಈಗಲೂ ಟಕಟಕ ಅನ್ನುತ್ತಿರುತ್ತದೆ. ನನ್ನನ್ನು ಕಂಡು ಮುಖ ತಿರುಗಿಸಿದರು. ನಾನೂ ತಿರುಗಿಸಿದೆ. ಹೋದ ತಿಂಗಳು ನಲ್ಲಿಯ ಹತ್ತಿರ ಆದ ಜಗಳದ ಮೇಲೆ ಮಾತಿಲ್ಲ. "ದಿನಾ ಆ ಆಫೀಸಿಗೆ ಹೋಗಿ ರೋಗ ಹೊತ್ಕೊಂಡ್ ಬರ್ತೀಯಾ. ನನ್ ಹೆಂಡ್ತಿ ಉಸಿರಿಗೆ ಯಾರು ಹೊಣೆ? ಬೇರೆ ಮನೆ ನೋಡ್ಕೋ" ಎಂದಿದ್ದರು. "ಹೋಗದಿದ್ರೆ ನಿಮ್ ಬಾಡಿಗೆ ಯಾರ್ ಕೊಡ್ತಾರೆ?" ಎಂದಿದ್ದೆ. ಇಬ್ಬರ ದನಿಯೂ ಬೀದಿಗೆ ಕೇಳಿಸಿತ್ತು. ಅವರ ಹೆಂಡತಿ, ಕೆಳಗಿನಮ್ಮ, ಬಾಗಿಲಲ್ಲಿ ನಿಂತು ಉಸಿರಿನ ಪಂಪ್ ಬಾಯಿಗಿಟ್ಟುಕೊಂಡು ನೋಡುತ್ತಿದ್ದರು. ಆಸ್ತಮಾ ಅವರಿಗೆ.

ಬೇರೆ ಮನೆಯಂತೆ. ಈ ಕಾಲದಲ್ಲಿ ಯಾರು ಕೊಡುತ್ತಾರೆ? ತಂಗಿ ಎಂಟು ತಿಂಗಳ ಬಸುರಿ. ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ಆ ಹಡಗನ್ನು ಯಾವ ಬಂದರಿನವರೂ ಒಳಗೆ ಬಿಡುತ್ತಿಲ್ಲ. ನಾವಿಬ್ಬರೇ. ಮಹಡಿ ಮೇಲಿನ ಈ ಎರಡು ಕೋಣೆ ಬಿಟ್ಟರೆ ಬೀದಿ.

ಜೂನ್ 10, ಬುಧವಾರ

ಇವತ್ತು ಬಂದ ಒಂದು ಕರೆ ಬರೆದಿಡಬೇಕು.

"ಬಾಡಿಗೆ ಸಹಾಯವಾಣಿ. ಹೇಳಿ, ನಿಮಗೆ ಯಾವುದರ ಭಯ?"

"ಭಯ ಅಂದ್ರೆ... ನಮ್ ಮಹಡಿ ಮೇಲೆ ಅಕ್ಕ ತಂಗಿ ಬಾಡಿಗೆಗಿದಾರೆ. ಅಕ್ಕ ದಿನಾ ಹೊರಗೆ ಹೋಗ್ತಾಳೆ. ಅವರನ್ನ ಖಾಲಿ ಮಾಡ್ಸೋದು ಹೇಗೆ?"

ಮೇಷ್ಟ್ರು!

ನಿಯಮ ಸ್ಪಷ್ಟ. ನಂಟರದೋ, ಸ್ವಂತ ಮನೆಯದೋ ಕರೆ ಬಂದರೆ ಪಕ್ಕದ ಟೇಬಲಿಗೆ ದಾಟಿಸಬೇಕು. ನಮ್ಮ ವಾರ್ಡಿನ ಕರೆಗಳೆಲ್ಲ ನನ್ನ ಟೇಬಲಿಗೇ ಬರುವುದರಿಂದ ಹೀಗೊಂದು ದಿನ ಆಗಬಹುದೆಂದು ದೊಡ್ಡ ಮೇಡಂ ಎಚ್ಚರಿಸಿಯೂ ಇದ್ದರು. ದಾಟಿಸಲಿಲ್ಲ. ನನ್ನ ಬೆನ್ನ ಹಿಂದೆ ಏನನ್ನುತ್ತಾರೋ ಕೇಳುವ ಚಪಲ... ಸುಳ್ಳೇಕೆ, ಬರೀ ಚಪಲವಲ್ಲ. ಗುಲಾಬಿ ಹುಳದವರ ಕೈಗೆ ನನ್ನ ಮನೆಯ ಪಾಡು ಕೊಡಲು ಧೈರ್ಯ ಬರಲಿಲ್ಲ.

ದನಿ ಸ್ವಲ್ಪ ಮೂಗಿಗೆ ಏರಿಸಿಕೊಂಡೆ, ದೊಡ್ಡ ಮೇಡಂ ಹಾಗೆ. "ಖಾಲಿ ಮಾಡ್ಸೋ ಹಾಗಿಲ್ಲ ಸರ್. ಆದೇಶ ಇದೆ."

"ಗೊತ್ತು. ಆದ್ರೂ ಕೇಳ್ದೆ." ಆಮೇಲೆ ತಾವಾಗಿಯೇ ಹೇಳಿದರು. "ನಮ್ಮನೆಯವಳಿಗೆ ಉಸಿರಿನ ಕಾಯ್ಲೆ ಮೇಡಂ. ಅವಳು ಮಲಗಿದಾಗ ಉಸಿರಾಡ್ತಿದಾಳಾ ಅಂತ ಕಿವಿ ಕೊಟ್ಕೊಂಡಿರ್ತೀನಿ. ಮೆಟ್ಲು ಒಂದೇ, ನಲ್ಲಿ ಒಂದೇ. ಆ ಹುಡುಗಿ ಇಳಿದು ಹೋದ್ಮೇಲೆ ಕಂಬಿ ಎಲ್ಲಾ ಒರೆಸ್ತೀನಿ. ಯಾರಾದ್ರೂ ನೋಡಿದ್ರೆ ನಾಚಿಕೆ. ಆದ್ರೂ ಒರೆಸ್ತೀನಿ."

ಒರೆಸುವುದು ನನಗೆ ಗೊತ್ತಿರಲಿಲ್ಲ. ಕಂಬಿ ದಿನಾ ಹೊಳೆಯುವುದನ್ನು ನೋಡಿ, ಮುದುಕನಿಗೆ ಬೇರೆ ಕೆಲಸವಿಲ್ಲ ಎಂದುಕೊಂಡಿದ್ದೆ.

ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಹೊರಗೆ ಹಾಕುವ ಮಾತು ಬಿಡಿ, ಹೊತ್ತು ಹಂಚಿಕೊಳ್ಳಿ. ಬೆಳಿಗ್ಗೆ ನಲ್ಲಿ ನಿಮಗೆ, ಸಂಜೆ ಅವರಿಗೆ. ಹೊರಗಿಂದ ಬಂದವರು ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿಯೇ ಮಹಡಿ ಹತ್ತಲಿ. ಚಪ್ಪಲಿ ಗೇಟಿನ ಹೊರಗೇ ಇರಲಿ.

"ಹೀಗಂತ ನಾನೇ ಹೋಗಿ ಹೇಳ್ಬೇಕಾ?"

"ನೀವೇ ಹೇಳಿ ಸರ್. ಜೋರು ಮಾಡ್ದೆ ಹೇಳಿ."

ಜೂನ್ 11

ನನ್ನ ಬುದ್ಧಿವಾದ ನನಗೇ ಬಡಿಯಿತು.

ಗೇಟಿನಾಚೆಯೇ ನಿಲ್ಲಿಸಿ, ಮಾಸ್ಕ್ ಕಣ್ಣಿನ ತನಕ ಏರಿಸಿಕೊಂಡು ಮೇಷ್ಟ್ರು ಹೇಳಿದರು — ನಲ್ಲಿ, ಬಚ್ಚಲು, ಚಪ್ಪಲಿ. ಎಲ್ಲ ನಾನು ಹೇಳಿದ ಕ್ರಮದಲ್ಲೇ. ತಲೆಯಾಡಿಸುತ್ತ ನಿಂತೆ. ಆಮೇಲೆ ಸೇರಿಸಿದರು: "ಮಹಡಿಯಲ್ಲಿ ಕುರ್ಚಿ ಎಳೀಬಾರ್ದು."

"ಕುರ್ಚಿಗೂ ಜ್ವರಕ್ಕೂ ಏನ್ ಸಂಬಂಧ ಸರ್?"

"ನಗರಸಭೆಯೋರೇ ಹೇಳಿದಾರೆ. ಬೇಕಿದ್ರೆ ಆ ಮೇಡಂನ ಕೇಳು. ಭಾರೀ ಬುದ್ಧಿವಂತೆ."

ನಾನು ಯಾವಾಗ ಹೇಳಿದೆ ಮಾರಾಯರೇ! ನುಂಗಿಕೊಂಡೆ. ತಣ್ಣೀರು ಸ್ನಾನ ಮಾಡಿ, ಹಲ್ಲು ಕಟಕಟ ಎನ್ನಿಸುತ್ತ ಮಹಡಿ ಹತ್ತಿದೆ. ತಂಗಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ಅಕ್ಕಾ, ಬಿಸಿನೀರು ಕೊಡಿ ಅಂತ ಹೇಳೋಕೆ ಆ ಮೇಡಂಗೆ ಬುದ್ಧಿ ಇರ್ಲಿಲ್ವಾ?"

ಜೂನ್ 12

ಹಿತ್ತಲ ಬಚ್ಚಲಲ್ಲಿ ಒಂದು ಬಕೆಟ್ ಬಿಸಿನೀರು. ಮೇಲೆ ತಟ್ಟೆ ಮುಚ್ಚಿತ್ತು. ಯಾರಿಟ್ಟರೆಂದು ಕೇಳಲಿಲ್ಲ.

ಜೂನ್ 15, ಸೋಮವಾರ

ಮತ್ತೆ ಮೇಷ್ಟ್ರ ಕರೆ. ಈ ಸಲವೂ ದಾಟಿಸಲಿಲ್ಲ. ಒಂದು ಸಲ ತಪ್ಪು, ಎರಡನೇ ಸಲ ಅಭ್ಯಾಸ.

"ನೀವು ಹೇಳಿದ್ದು ಸರಿ ಹೋಯ್ತು ಮೇಡಂ. ಹುಡುಗಿ ಮಾತು ಕೇಳ್ತಾಳೆ. ಬಾಯಿ ಸ್ವಲ್ಪ ಜೋರು. ಕೆಟ್ಟವಳಲ್ಲ."

"ಹಾಗಾದ್ರೆ ಇನ್ನೇನು ಭಯ ಸರ್?"

"ಆ ತಂಗಿಗೆ ದಿನ ಹತ್ರ ಬರ್ತಿದೆ. ಗಂಡ ಊರಲ್ಲಿಲ್ಲ. ಹೊತ್ತಲ್ಲದ ಹೊತ್ತಲ್ಲಿ ನೋವು ಬಂದ್ರೆ ಗಾಡಿ ಸಿಗಲ್ಲ ಈಗ. ನನ್ ಹಳೇ ಕಾರಿದೆ. ಬ್ಯಾಟರಿ ಹಾಕ್ಸಿದೀನಿ. ಹೇಳೋಣ ಅಂದ್ರೆ... ಬೇರೆ ಮನೆ ನೋಡ್ಕೋ ಅಂದಿದ್ದೂ ನಾನೇ ಅಲ್ವಾ."

"ನೇರವಾಗಿ ಹೇಳ್ಬಿಡಿ ಸರ್. ಅವರಿಗೂ ಸಮಾಧಾನ ಆಗತ್ತೆ."

"ನೇರವಾಗಿ ಬರಲ್ಲಮ್ಮಾ ನಂಗೆ."

ಫೋನ್ ಇಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ಮಾಸ್ಕ್ ತೆಗೆದು ಅತ್ತೆ. ಅಪ್ಪ ಹೋದ ಮೇಲೆ ನಮ್ಮ ಬಗ್ಗೆ ಹೀಗೆ ಯೋಚಿಸಿದವರು ಯಾರೂ ಇರಲಿಲ್ಲ. ನಾನು ಈ ಮನುಷ್ಯನನ್ನು ಮನಸ್ಸಿನಲ್ಲಿ ಏನೇನೆಲ್ಲ ಬೈದಿದ್ದೇನೆ. ಇವತ್ತು ಸಂಜೆ ಹೋಗಿ ಹೇಳಿಬಿಡಬೇಕು, ಆ ಮೇಡಂ ನಾನೇ ಅಂತ.

ಹೇಳಲಿಲ್ಲ. ಗೇಟಿನಲ್ಲಿ ಇಬ್ಬರೂ "ಹೂಂ" ಎಂದೆವು. ಅಷ್ಟೇ ದೊಡ್ಡದು.

ಜೂನ್ 17, ಬುಧವಾರ. ಬೆಳಿಗ್ಗೆ

ತಂಗಿ ಕೆಮ್ಮಿದಳು. ಒಣ ಕೆಮ್ಮು. ಹಣೆ ಮುಟ್ಟಿದೆ. ಬೆಚ್ಚಗಿದೆ — ಬಸುರಿಯರಿಗೆ ಮೈ ಬೆಚ್ಚಗೇ ಇರುತ್ತದೆಯಂತೆ. ಹೌದಾ? ಯಾರು ಹೇಳಿದ್ದು?

ಅದೇ ದಿನ, ಸಂಜೆ

ಟೆಸ್ಟಿಗೆ ಕೊಟ್ಟು ಬಂದೆವು. ಹಿಂದಿನ ಬೀದಿಯಿಂದ ಸುತ್ತಿಕೊಂಡು, ಮೇಷ್ಟ್ರ ಕಣ್ಣಿಗೆ ಬೀಳದ ಹಾಗೆ. ಲ್ಯಾಬಿನಲ್ಲಿ ರಾಶಿ ಬಿದ್ದಿದೆಯಂತೆ, ರಿಪೋರ್ಟ್ ಬರಲು ಒಂದು ವಾರವಾದರೂ ಆದೀತು ಎಂದರು. ನನಗೂ ಮಾಡಿ ಎಂದೆ. ಲಕ್ಷಣ ಇಲ್ಲದವರಿಗೆ ಇಲ್ಲವಂತೆ.

ನನಗೆ ಕೆಮ್ಮಿಲ್ಲ, ಜ್ವರವಿಲ್ಲ, ಏನೂ ಇಲ್ಲ. ಆದರೆ ತಂಗಿ ಈ ಬಾಗಿಲು ದಾಟಿ ತಿಂಗಳಾಯಿತು. ಬಂದಿದ್ದರೆ ನನ್ನಿಂದಲೇ ಬಂದಿರಬೇಕು. ಮೇಷ್ಟ್ರು ನಲ್ಲಿಯ ಹತ್ತಿರ ಕಿರುಚಿದ್ದು ಇದನ್ನೇ.

ಕೆಳಗೆ ಹೇಳಬೇಕು. ಸಹಾಯವಾಣಿಯಲ್ಲಿ ಎಲ್ಲರಿಗೂ ನಾನೇ ಹೇಳುವುದು — ಒಂದೇ ಮೆಟ್ಟಿಲಿನ ಮನೆಯಾದರೆ ಅನುಮಾನ ಬಂದ ಕೂಡಲೇ ತಿಳಿಸಿ, ಮುಚ್ಚಿಡಬೇಡಿ, ಹೊರಗೆ ಹಾಕಿದರೆ ನಾವಿದ್ದೇವೆ, ಶಾಲೆಯಲ್ಲಿ ಜಾಗ ಮಾಡಿದ್ದೇವೆ. ಆ ಶಾಲೆಯನ್ನು ನೋಡಿದ್ದೇನೆ. ಬೆಂಚು ಜೋಡಿಸಿ ಮೇಲೆ ಹಾಸಿಗೆ. ಕಕ್ಕಸು ಮೈದಾನದ ಆ ತುದಿಗೆ. ಎಂಟು ತಿಂಗಳ ಬಸುರಿಯನ್ನು ಅಲ್ಲಿಗೆ ಕಳಿಸಲೇ? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ನನ್ನನ್ನು ನೋಡಿಯೇ ಅಂದಿರಬೇಕು.

ರಿಪೋರ್ಟ್ ಬರಲಿ. ಬರೀ ನೆಗಡಿಯೇ ಇರಬಹುದು. ಸುಮ್ಮನೆ ಯಾಕೆ ಹೆದರಿಸುವುದು.

ಜೂನ್ 18, ಗುರುವಾರ

"ಮೇಡಂ, ಮೇಲೆ ಯಾರೋ ಕೆಮ್ತಿದಾರೆ."

ಪಾರ್ಕ್ ಸೂಪರ್‌ವೈಸರ್ ಪಕ್ಕದಲ್ಲೇ ಖಾಲಿ ಕೂತು ಪೆನ್ನಿನ ಕ್ಯಾಪ್ ಕಚ್ಚುತ್ತಿದ್ದರು. ಕೈ ಚಾಚಿ ಫೋನ್ ಕೊಟ್ಟಿದ್ದರೆ ಮುಗಿಯುತ್ತಿತ್ತು.

"ನಿನ್ನೆಯಿಂದ ಕೇಳಿಸ್ತಿದೆ. ತಂಗೀನೇ ಇರ್ಬೇಕು. ನಮ್ಮನೆಯವಳು ಮೇಲೆ ಹೋಗಿ ನೋಡ್ತೀನಿ ಅಂತಾಳೆ. ಪಾಪ, ಆ ಹುಡುಗಿ ಒಬ್ಳೇ ಇರ್ತಾಳೆ ಅಂತ. ನಾನು ತಡೆದಿದೀನಿ. ಏನ್ ಮಾಡ್ಲಿ ಹೇಳಿ."

ಬಾಯಿಪಾಠವಿದ್ದ ಉತ್ತರ: ಟೆಸ್ಟ್ ಆಗುವ ತನಕ ಯಾರೂ ಮೇಲೆ ಹೋಗಬೇಡಿ, ಉಸಿರಿನ ತೊಂದರೆ ಇದ್ದವರು ಬೇರೆ ಕೋಣೆಯಲ್ಲಿರಲಿ, ಮೆಟ್ಟಿಲ ಕಡೆಯ ಬಾಗಿಲು ಹಾಕಿಕೊಳ್ಳಿ. ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹೇಳಿದರೆ ಮೇಷ್ಟ್ರಿಗೆ ಎಲ್ಲ ಅರ್ಥವಾಗುತ್ತದೆ. ನಾಳೆ ಬೆಳಿಗ್ಗೆ ನಮ್ಮ ಸಾಮಾನು ಗೇಟಿನಲ್ಲಿ. ಆದೇಶ ಇದ್ದರೇನು, ಭಯದ ಮುಂದೆ ಆದೇಶ ನಿಲ್ಲುವುದಿಲ್ಲ — ಅದನ್ನೂ ಈ ಟೇಬಲಿನಲ್ಲೇ ಕಲಿತಿದ್ದೇನೆ.

"ಧೂಳಿರ್ಬೇಕು ಸರ್. ರಸ್ತೆ ಅಗೀತಿದಾರಲ್ಲ. ಬಸುರಿಯರಿಗೆ ಬೇಗ ತಾಗತ್ತೆ."

ಹೇಳಿದ ಮೇಲೆ ಹೊಳೆಯಿತು. ನಮ್ಮ ಬೀದಿ ಅಗೆಯುತ್ತಿರುವುದು ಮೇಡಂಗೆ ಹೇಗೆ ಗೊತ್ತು?

ಮೇಷ್ಟ್ರು ಅದನ್ನು ಕೇಳಲಿಲ್ಲ. "ಧೂಳಾ? ಖಂಡಿತಾನಾ?" ಎಂದರು.

"ಖಂಡಿತ ಸರ್."

"ಸರಿ ಹಾಗಾದ್ರೆ. ನೀವು ಹೇಳಿದ್ಮೇಲೆ ಆಯ್ತು."

ಇಷ್ಟು ಸುಲಭವಾಗಿ ನಂಬುತ್ತಾರೆ ಅಂದುಕೊಂಡಿರಲಿಲ್ಲ. ಗೆದ್ದೆ ಅನ್ನಿಸಿತು. ಥೂ.

ಜೂನ್ 22, ಸೋಮವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ. ತಂಗಿಯ ಕೆಮ್ಮು ಕಡಿಮೆಯಾಗಿದೆ. ಜ್ವರ ಬಂದು ಹೋಗುತ್ತಿದೆ. ಮಗು ಒದೆಯುತ್ತಿದೆ, ಡಾಕ್ಟರು ಫೋನಿನಲ್ಲಿ ಭಯ ಬೇಡ ಎಂದರು. ರಿಪೋರ್ಟ್ ಇಲ್ಲ. ಭಾನುವಾರವೂ ಡ್ಯೂಟಿ. ಆಫೀಸಿನಲ್ಲಿ ಕಿಟಕಿ ಪಕ್ಕದ ದೂರದ ಟೇಬಲ್ ಕೇಳಿ ತೆಗೆದುಕೊಂಡೆ, ಬಿಸಿಲು ಬೇಕು ಎಂದೆ. ಅದೂ ಸುಳ್ಳು. ಒಂದಕ್ಕೆ ಇನ್ನೊಂದು ಮರಿ ಹಾಕುತ್ತಿದೆ.

ಇವತ್ತು ಬಂದಾಗ ತಂಗಿಯ ಕಾಲಿಗೆ ಎಣ್ಣೆ. ಘಮ್ಮೆನ್ನುತ್ತಿತ್ತು.

"ಯಾರು ಹಚ್ಚಿದ್ದು?"

"ಕೆಳಗಿನಮ್ಮ. ಕಾಲು ಬಾತಿದೆಯಲ್ಲ. ಶುಕ್ರವಾರದಿಂದ ದಿನಾ ಬರ್ತಾರೆ ಅಕ್ಕಾ, ನೀನು ಹೋದ್ಮೇಲೆ. ತಲೆ ಬಾಚಿ ಕೊಡ್ತಾರೆ. ಹಾಲು ಕಾಯ್ಸಿ ಕೊಡ್ತಾರೆ. ಬೇಡ ಬೇಡ, ಹತ್ರ ಬರ್ಬೇಡಿ, ನಂಗೆ ಕೆಮ್ಮು ಅಂದೆ. ಕೇಳ್ಳಿಲ್ಲ. ಅದು ಬರೀ ಧೂಳಂತೆ, ಮೇಷ್ಟ್ರೇ ಹೋಗು ಅಂದ್ರಂತೆ."

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ನೀನು ಬೈತೀಯಾ ಅಂತ... ಅಮ್ಮ ಇದ್ದ ಹಾಗಿತ್ತು ಅಕ್ಕಾ."

ನಾನೇ ಆ ಹೆಂಗಸನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿದ ಹಾಗಾಯಿತು. ಉಬ್ಬಸದವರು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿರಬೇಕು.

ಈಗಲೇ ಇಳಿದು ಹೋಗಿ ಹೇಳಬೇಕು. ಬಾಗಿಲ ತನಕ ಹೋದೆ. ಕೆಳಗೆ ಇಬ್ಬರೂ ಮಾತಾಡುವುದು ಕೇಳಿಸಿತು, ಏನೋ ತಮಾಷೆ, ಕೆಳಗಿನಮ್ಮ ನಕ್ಕರು. ಚೆನ್ನಾಗಿಯೇ ಇದ್ದಾರೆ. ವಾಪಸ್ ಬಂದು ಕೂತೆ. ನಾಳೆ. ನಾಳೆ ರಿಪೋರ್ಟ್ ಬಂದೇ ಬರುತ್ತದೆ.

ಜೂನ್ 23

ಬರಲಿಲ್ಲ. ಇವತ್ತು ಕೆಳಗಿನಮ್ಮ ಮೇಲೆ ಬಂದಿರಲಿಲ್ಲವಂತೆ. ಸುಸ್ತು ಎಂದರಂತೆ.

ಜೂನ್ 24, ಬುಧವಾರ. ಮಧ್ಯಾಹ್ನ, ಮನೆಯಲ್ಲಿ

ಒಂದೊಂದಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ನಾನು ಹೊರಟಾಗ ಕೆಳಗಿನ ಬಾಗಿಲು ಹಾಕಿತ್ತು. ಆಫೀಸಿನಲ್ಲಿ ಮೊದಲ ಕರೆ.

"ಬಾಡಿಗೆ ಸಹಾಯವಾಣಿ. ನಿಮಗೆ ಯಾವುದರ ಭಯ?"

"ಭಯ ಎಲ್ಲಾ ಮುಗೀತಮ್ಮಾ. ಈಗ ತಾನೇ ನಮ್ಮನೆಯವಳನ್ನ ಆಂಬುಲೆನ್ಸಲ್ಲಿ ಕರ್ಕೊಂಡ್ ಹೋದ್ರು. ನನ್ನ ಹತ್ತಿಸ್ಕೊಳ್ಳಿಲ್ಲ."

ಮೂಗಿನ ದನಿ ಬರಲಿಲ್ಲ.

"ಇದೀಯೇನಮ್ಮಾ?"

"ಇದೀನಿ ಸರ್."

"ನೀನೇ ಅಂತ ಗೊತ್ತು. ಮೊದಲ್ನೇ ದಿನಾನೇ ಗೊತ್ತಾಯ್ತು. ನಾಲ್ಕು ವರ್ಷದಿಂದ ತಲೆ ಮೇಲೆ ಕೇಳ್ತಿರೋ ಗಂಟಲು, ಮೂಗಲ್ಲಿ ಮಾತಾಡಿದ್ರೆ ಮುಚ್ಚಿಹೋಗತ್ತಾ? ಎದುರಿಗೆ ನಿಂತ್ರೆ ನೀನೂ ಕಿರುಚ್ತೀಯಾ, ನಾನೂ ಕಿರುಚ್ತೀನಿ. ಫೋನಲ್ಲಿ ಎಷ್ಟ್ ತಾಳ್ಮೆಯಿಂದ ಮಾತಾಡ್ತಿದ್ದೆ ನೀನು. ಅದಕ್ಕೇ ಫೋನ್ ಮಾಡ್ತಿದ್ದೆ."

ಪಾರ್ಕ್ ಸೂಪರ್‌ವೈಸರ್ ದೂರದಿಂದ ನನ್ನನ್ನೇ ನೋಡುತ್ತಿದ್ದರು.

"ಧೂಳು ಅಂದ್ಯಲ್ಲಮ್ಮಾ. ಬೇರೆ ಯಾವ ಮೇಡಂ ಅಂದಿದ್ರೂ ನಾನು ನಂಬ್ತಿರ್ಲಿಲ್ಲ. ಅವರಿಗೇನ್ ಗೊತ್ತು? ಆದ್ರೆ ಇವಳು ಆ ಮನೇಲೇ ಇರೋಳು, ಅಕ್ಕ, ಗೊತ್ತಿದ್ದೇ ಹೇಳ್ತಾಳೆ ಅಂತ... ಹೋಗು, ಏನಿಲ್ಲ, ಆ ಮಗೂನ ನೋಡ್ಕೊಂಡ್ ಬಾ ಅಂತ ನಾನೇ ಕಳಿಸ್ದೆ. ಈಗ ಹೇಳು. ಆಸ್ಪತ್ರೆ ಡಾಕ್ಟ್ರು ಫೋನ್ ಮಾಡಿ ಕೇಳ್ತಿದಾರೆ, ಮನೇಲಿ ಯಾರಿಗಾದ್ರೂ ಇತ್ತಾ ಅಂತ. ಏನಂತ ಹೇಳ್ಲಿ?"

"ರಿಪೋರ್ಟ್ ಬಂದಿಲ್ಲ ಸರ್." ಅಷ್ಟೇ ಹೇಳಿದ್ದು. ಟೆಸ್ಟ್ ಮಾಡಿಸಿದ್ದು ಅವರಿಗೆ ತಿಳಿದದ್ದೇ ಆಗ. ಫೋನ್ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ದೊಡ್ಡ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿ, "ಮೊದಲು ಮನೆಗೆ ಹೋಗು, ಹೊರಗೆ ಬರಬೇಡ" ಎಂದರು. ಮಿಕ್ಕಿದ್ದು ಆಮೇಲಂತೆ. ನಾಯಿಗಳ ಹತ್ತಿರವೂ ಇನ್ನು ಸೇರಿಸಲಿಕ್ಕಿಲ್ಲ. ಅದು ದೊಡ್ಡದಲ್ಲ ಈಗ.

ಅದೇ ದಿನ, ಸಂಜೆ

ಮೆಸೇಜ್ ಬಂತು. ತಂಗಿಗೆ ಇದೆ. ಜ್ವರವೇ ಅದು.

ಅವಳು ಮಲಗಿದ್ದಾಳೆ, ಹೇಳಿಲ್ಲ. ಎದ್ದರೆ ಮೊದಲು ಕೇಳುವುದೇ ಕೆಳಗಿನಮ್ಮ ಯಾಕೆ ಬರಲಿಲ್ಲ ಅಂತ.

ಮೇಷ್ಟ್ರು ಕೆಳಗೆ ಒಬ್ಬರೇ. ಕಾರಿನ ಬಾಗಿಲು ತೆರೆದಿಟ್ಟುಕೊಂಡು ಅದರೊಳಗೆ ಕೂತಿದ್ದಾರೆ, ಕಿಟಕಿಯಿಂದ ಕಾಣುತ್ತದೆ. ಆಸ್ಪತ್ರೆಯವರು ಬಾ ಎಂದರೆ ಹೊರಡಲು. ಬೆರಳು ಸ್ಟೀರಿಂಗ್ ಮೇಲೆ ಆಡುತ್ತಿಲ್ಲ.

ಫೋನ್ ಕೈಗೆತ್ತಿಕೊಂಡೆ, ಇಟ್ಟೆ. ಇದನ್ನೂ ಫೋನಿನಲ್ಲಿ ಹೇಳಿದರೆ ನಾನು ಮನುಷ್ಯಳಲ್ಲ. ಹತ್ತಿರ ಹೋಗುವ ಹಾಗಿಲ್ಲ, ನಾನೂ ಜ್ವರದ ಮನೆಯವಳೇ. ಮೆಟ್ಟಿಲ ತುದಿಯಲ್ಲಿ ನಿಂತು ಕೂಗಿ ಹೇಳಬೇಕು, ಬೀದಿಗೆಲ್ಲ ಕೇಳಿದರೂ ಸರಿ. ಏನಂತ ಶುರು ಮಾಡಲಿ? ರಿಪೋರ್ಟ್ ಬಂತು ಅಂತ ಅಲ್ಲ. ಅದು ಎರಡನೆಯ ಮಾತು. ಮೊದಲನೆಯದು — ಮೇಷ್ಟ್ರೇ, ಆ ದಿನ ನೀವು ಖಂಡಿತಾನಾ ಅಂತ ಕೇಳಿದಾಗ ನನಗೆ ಖಂಡಿತ ಇರಲಿಲ್ಲ, ಹೆದರಿ ಸುಳ್ಳು ಹೇಳಿದೆ.